ವರ್ಚುವಲ್ ಅಸಿಸ್ಟೆಂಟ್ ಆಗಿ ಸ್ವಂತ ಉದ್ಯೋಗ: ಹಗಲು ಹೊತ್ತಿನಲ್ಲೇ ನಡೆಸಲು ಸಾಧ್ಯವೇ?

ಶಿರಸಿ_ಸೀಮೆ:
ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಒಂದು ಕಂಪನಿಯಲ್ಲಿ ಹಲವು ವರ್ಷ ನಿರ್ದೇಶಕರ ಆಪ್ತ ಸಹಾಯಕಿಯಾಗಿದ್ದೆ. ಅವರ ಮೇಲ್ ನೋಡುವುದು, ಸಭೆಗಳ ಸಮಯ ಹೊಂದಿಸುವುದು, ಟಿಕೆಟ್ ಮತ್ತು ಹೋಟೆಲ್ ಕಾದಿರಿಸುವುದು, ಖರ್ಚಿನ ಬಿಲ್ಲುಗಳನ್ನು ಎಕ್ಸೆಲ್‌ಗೆ ಏರಿಸಿ ಲೆಕ್ಕ ವಿಭಾಗಕ್ಕೆ ಕಳುಹಿಸುವುದು ನನ್ನ ನಿತ್ಯದ ಕೆಲಸವಾಗಿತ್ತು. ಈಗ ಊರಿಗೆ ಬಂದು ನೆಲೆಸಿದ್ದೇವೆ. ಮಗ ಎರಡನೆಯ ತರಗತಿಯಲ್ಲಿದ್ದಾನೆ. ಶಾಲೆಯ ವ್ಯಾನು ಬೆಳಿಗ್ಗೆ ಎಂಟೂವರೆಗೆ ಕರೆದೊಯ್ದು ಸಂಜೆ ನಾಲ್ಕಕ್ಕೆ ಬಿಡುತ್ತದೆ. ಅತ್ತೆಯವರಿಗೆ ಸಕ್ಕರೆ ಕಾಯಿಲೆ ಇರುವುದರಿಂದ ಊಟ, ಔಷಧಗಳ ಹೊತ್ತು ತಪ್ಪುವಂತಿಲ್ಲ.

ಇದೇ ಕೆಲಸವನ್ನು ಮನೆಯಿಂದ, ವರ್ಚುವಲ್ ಅಸಿಸ್ಟೆಂಟ್ (ದೂರದಿಂದಲೇ ಆನ್‌ಲೈನಿನಲ್ಲಿ ನೆರವಾಗುವ ಸಹಾಯಕಿ) ಆಗಿ, ಯಾರ ನೌಕರಿಯೂ ಅಲ್ಲದೆ, ಮೂರು ನಾಲ್ಕು ಗ್ರಾಹಕರಿಗೆ ಮಾಡಿಕೊಡಬೇಕೆಂಬ ಯೋಚನೆಯಿದೆ. ಆದರೆ ನಾನು ನೋಡಿದ ಜಾಹೀರಾತುಗಳಲ್ಲಿ ಬಹುಪಾಲು ಅಮೆರಿಕದ ಕಚೇರಿ ಸಮಯಕ್ಕೆ ಸಿಗಬೇಕು ಎನ್ನುತ್ತವೆ. ಈ ಕೆಲಸ ಮಾಡುತ್ತಿರುವ ಇಬ್ಬರು ಪರಿಚಿತರು ‘ನಮ್ಮ ಸಮಯ ನಮ್ಮ ಕೈಯಲ್ಲಿದೆ’ ಎಂದು ಹೇಳುತ್ತಲೇ ರಾತ್ರಿ ಎರಡು ಗಂಟೆಯವರೆಗೆ ಕೂರುತ್ತಾರೆ. ಬೆಳಿಗ್ಗೆ ಒಂಬತ್ತರಿಂದ ಮೂರೂವರೆಯವರೆಗೆ ಮಾತ್ರ ದುಡಿದು ಈ ಉದ್ಯೋಗ ನಡೆಸುತ್ತಿರುವವರು ಇಲ್ಲಿ ಇದ್ದಾರೆಯೇ? ಇದ್ದರೆ ಎಲ್ಲಿಂದ ಆರಂಭಿಸಬೇಕೆಂದು ದಯವಿಟ್ಟು ತಿಳಿಸಿ.

ದೂರದ_ಸಹಾಯಕಿ (ಮೈಸೂರು):
ಸಾಧ್ಯವಿದೆ. ಆದರೆ ಅದು ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸುವುದರಿಂದ ಸಾಧ್ಯವಾಗುವುದಿಲ್ಲ. ಯಾವ ಗ್ರಾಹಕರನ್ನು ಒಪ್ಪಿಕೊಳ್ಳುತ್ತೀರಿ ಎನ್ನುವಲ್ಲಿಯೇ ನಿಮ್ಮ ರಾತ್ರಿಯ ನಿದ್ದೆ ತೀರ್ಮಾನವಾಗಿಬಿಡುತ್ತದೆ. ನಾನು ಈ ವೃತ್ತಿಯಲ್ಲಿ ಬಹಳ ಕಾಲದಿಂದ ಇದ್ದೇನೆ, ಸಂಜೆ ಆರರ ಮೇಲೆ ಲ್ಯಾಪ್‌ಟಾಪ್ ತೆರೆಯುವುದಿಲ್ಲ.

ಮೊದಲು ಗಡಿಯಾರದ ಲೆಕ್ಕ ನೋಡೋಣ. ನ್ಯೂಯಾರ್ಕಿನ ಬೆಳಗಿನ ಒಂಬತ್ತು ಗಂಟೆ ಎಂದರೆ ನಮಗೆ ಬೇಸಿಗೆಯಲ್ಲಿ ಸಂಜೆ 6:30, ಚಳಿಗಾಲದಲ್ಲಿ 7:30. ಅವರ ಐದು ಗಂಟೆಗೆ ನಮ್ಮಲ್ಲಿ ರಾತ್ರಿ 2:30 ಅಥವಾ 3:30 ಆಗಿರುತ್ತದೆ. ಲಂಡನ್ನಿನ ಒಂಬತ್ತು ನಮ್ಮ ಮಧ್ಯಾಹ್ನದ 1:30 ಅಥವಾ 2:30. ದುಬೈಯ ಒಂಬತ್ತು ನಮ್ಮ 10:30. ಅಲ್ಲಿ 2022ರಿಂದ ಸರ್ಕಾರಿ ಕಚೇರಿಗಳ ವಾರದ ರಜೆಯೂ ಶನಿವಾರ, ಭಾನುವಾರಕ್ಕೆ ಬಂದಿರುವುದರಿಂದ ನಮ್ಮ ವಾರದೊಂದಿಗೆ ಹೊಂದುತ್ತದೆ. ಸಿಂಗಪುರ ಮತ್ತು ಆಸ್ಟ್ರೇಲಿಯಾದ ಪರ್ತ್ ನಗರಗಳ ಕಚೇರಿ ಸಮಯ ನಮ್ಮ ಬೆಳಗಿನ 6:30ರಿಂದ ಮಧ್ಯಾಹ್ನ 2:30ರವರೆಗೆ ಬೀಳುತ್ತದೆ, ಎರಡೂ ಕಡೆ ಗಡಿಯಾರವನ್ನು ಹಿಂದೆ ಮುಂದೆ ಮಾಡುವ ಪದ್ಧತಿಯೂ ಇಲ್ಲ. ಸಿಡ್ನಿ ಇನ್ನೂ ಮುಂದೆ; ಅಲ್ಲಿಯ ಚಳಿಗಾಲದಲ್ಲಿ ಅವರ ಕಚೇರಿ ನಮ್ಮ ಮಧ್ಯಾಹ್ನ 12:30ಕ್ಕೆ ಮುಚ್ಚಿದರೆ, ಬೇಸಿಗೆಯಲ್ಲಿ 11:30ಕ್ಕೇ ಮುಚ್ಚುತ್ತದೆ. ನಿಮ್ಮ ಒಂಬತ್ತರಿಂದ ಮೂರೂವರೆಯ ಅವಧಿಗೆ ಸಿಂಗಪುರ, ಪರ್ತ್, ದುಬೈ ಮತ್ತು ನಮ್ಮದೇ ದೇಶದ ಗ್ರಾಹಕರು ಸರಿಯಾಗಿ ಒಗ್ಗುತ್ತಾರೆ.

ಹಾಗೆಂದು ಅಮೆರಿಕದವರನ್ನು ಪೂರ್ತಿ ಕೈಬಿಡಬೇಕಾಗಿಲ್ಲ. ಫೋನ್ ಎತ್ತಬೇಕಾದ, ಸಭೆಗೆ ಕೂರಬೇಕಾದ ಕೆಲಸವನ್ನು ಬಿಟ್ಟು, ಮೇಲ್ ವಿಂಗಡಣೆ, ಬಿಲ್ಲು ಸಿದ್ಧಪಡಿಸುವುದು, ಶಾಪಿಫೈನ ಆನ್‌ಲೈನ್ ಅಂಗಡಿಗೆ ಸರಕಿನ ವಿವರ ಏರಿಸುವುದು, ಪಾಡ್‌ಕಾಸ್ಟಿನ ಟಿಪ್ಪಣಿ ಬರೆಯುವುದು ಮುಂತಾದವನ್ನು ಮಾತ್ರ ಒಪ್ಪಿಕೊಳ್ಳಿ. ನೀವು ಮೂರೂವರೆಗೆ ಮುಗಿಸಿದ ಕೆಲಸವನ್ನು ಅವರು ತಮ್ಮ ಬೆಳಗಿನ ಕಾಫಿಗೆ ಮುಂಚೆ ನೋಡುತ್ತಾರೆ. ಈ ಅನುಕೂಲವನ್ನೇ ನಿಮ್ಮ ಪರಿಚಯ ಪತ್ರದಲ್ಲಿ ಮುಂದೆ ಮಾಡಿ ಹೇಳಿ. ‘ರಾತ್ರಿ ಸಿಗುವುದಿಲ್ಲ’ ಎಂಬ ಸಂಕೋಚದ ಮಾತಿನಿಂದ ಆರಂಭಿಸಬೇಡಿ.

ರಾತ್ರಿಪಾಳಿ:
ಮೇಲಿನವರ ಮಾತಿಗೆ ನನ್ನ ಸ್ವಲ್ಪ ಆಕ್ಷೇಪಣೆ ಇದೆ. ನೇರವಾಗಿ ಮಾತನಾಡಲು ಸಿಗುವ ಸಹಾಯಕರಿಗೆ ಅಮೆರಿಕದ ಗ್ರಾಹಕರು ಕೊಡುವ ದರ, ಹಿಂದಿನ ದಿನ ಹೇಳಿದ್ದನ್ನು ಮರುದಿನ ಮಾಡಿಕೊಡುವವರಿಗೆ ಸಿಗುವುದು ಕಷ್ಟ. ನಾನು ಬಿಪಿಒ ಬಿಟ್ಟು ಈ ಕಡೆ ಬಂದವನು. ಸಂಜೆ ಏಳರಿಂದ ರಾತ್ರಿ ಹನ್ನೆರಡರವರೆಗೆ ಒಬ್ಬರೇ ಗ್ರಾಹಕರಿಗೆ ದುಡಿಯುತ್ತೇನೆ, ಬೆಳಿಗ್ಗೆ ಎಂಟರವರೆಗೆ ಮಲಗುತ್ತೇನೆ, ಹಗಲೆಲ್ಲ ನನ್ನದು. ಸಮತೋಲನ ಎಂದರೆ ಎಲ್ಲರೂ ಹಗಲೇ ದುಡಿಯಬೇಕು ಎಂದೇನೂ ಅಲ್ಲವಲ್ಲ?

ದೂರದ_ಸಹಾಯಕಿ (ಮೈಸೂರು):
ರಾತ್ರಿಪಾಳಿಯವರೇ, ನೀವು ಒಬ್ಬರೇ ಗ್ರಾಹಕರನ್ನು ಇಟ್ಟುಕೊಂಡು ಹನ್ನೆರಡಕ್ಕೆ ನಿಲ್ಲಿಸುತ್ತೀರಿ, ಬೆಳಿಗ್ಗೆ ನಿಮ್ಮನ್ನು ಎಬ್ಬಿಸುವವರು ಯಾರೂ ಇಲ್ಲ. ಆ ಷರತ್ತುಗಳಲ್ಲಿ ನಿಮ್ಮ ಮಾತು ಸರಿ. ಕೇಳಿರುವವರ ಮನೆಯಲ್ಲಿ ಎಂಟೂವರೆಗೆ ವ್ಯಾನು ಬರುತ್ತದೆ, ಅಂದರೆ ಅವರು ಆರಕ್ಕಾದರೂ ಏಳಬೇಕು. ರಾತ್ರಿ ಎರಡಕ್ಕೆ ಮಲಗಿ ಆರಕ್ಕೆ ಏಳುವುದನ್ನು ಯಾವ ದರವೂ ಸರಿದೂಗಿಸಲಾರದು.

ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2007ರಲ್ಲಿ, ಮತ್ತೆ 2019ರಲ್ಲಿ, ರಾತ್ರಿ ಪಾಳಿಯ ದುಡಿಮೆಯನ್ನು ಕ್ಯಾನ್ಸರ್ ತರುವ ಸಂಭವವಿರುವ ವರ್ಗಕ್ಕೆ ಸೇರಿಸಿದೆ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಜೊತೆಯಾಗಿ ಪ್ರಕಟಿಸಿದ ಅಂದಾಜಿನ ಪ್ರಕಾರ, ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಲ್ಲಿ ಪಾರ್ಶ್ವವಾಯುವಿನ ಅಪಾಯ ಸುಮಾರು 35% ಹೆಚ್ಚು. ಸ್ವಂತ ಉದ್ಯೋಗದಲ್ಲಿ ಗಂಟೆ ಎಣಿಸುವವರು ಯಾರೂ ಇರುವುದಿಲ್ಲವಾದ್ದರಿಂದ ನಾವು 55ನ್ನು ಯಾವಾಗ ದಾಟಿದೆವು ಎನ್ನುವುದೇ ಗೊತ್ತಾಗುವುದಿಲ್ಲ. ದುಡಿದ ಗಂಟೆಗಳ ಲೆಕ್ಕ ಇಡುವ ಟಾಗಲ್ ಅಥವಾ ಕ್ಲಾಕಿಫೈ ತಂತ್ರಾಂಶ ಬಳಸಿ. ಗ್ರಾಹಕರಿಗೆ ಲೆಕ್ಕ ತೋರಿಸುವುದಕ್ಕಿಂತ ಹೆಚ್ಚಾಗಿ ಅದು ನಿಮಗೇ ಬೇಕಾಗುತ್ತದೆ.

ಪರ್ತ್_ಕನ್ನಡಿಗ:
ನಾನು ಮೇಜಿನ ಆಚೆ ಬದಿಯವನು. ಪರ್ತ್‌ನಲ್ಲಿ ಒಂದು ಸಣ್ಣ ವ್ಯಾಪಾರ ನಡೆಸುತ್ತೇನೆ, ಬಿಲ್ಲಿಂಗ್ ಮತ್ತು ಅಪಾಯಿಂಟ್‌ಮೆಂಟ್ ಕೆಲಸಕ್ಕೆ ಭಾರತದ ಸಹಾಯಕಿಯೊಬ್ಬರು ಇದ್ದಾರೆ. ಗ್ರಾಹಕನ ದೃಷ್ಟಿಯಿಂದ ಎರಡು ಮಾತು ಹೇಳುತ್ತೇನೆ.

ನಮ್ಮಂಥ ಸಣ್ಣವರಿಗೆ ಇಪ್ಪತ್ತನಾಲ್ಕು ಗಂಟೆಯೂ ಸಿಗುವ ಮನುಷ್ಯ ಬೇಕಿಲ್ಲ. ಕೆಲಸ ಎಲ್ಲಿಗೆ ಬಂದಿದೆ ಎಂದು ನಾವಾಗಿ ಕೇಳದೆಯೇ ತಿಳಿಯಬೇಕು, ಅಷ್ಟೇ. ಮೊದಲಿದ್ದ ಸಹಾಯಕರೊಬ್ಬರು ಕೆಲಸ ಚೆನ್ನಾಗಿಯೇ ಮಾಡುತ್ತಿದ್ದರು, ಆದರೆ ಮುಗಿಯಿತೋ ಇಲ್ಲವೋ ಹೇಳುತ್ತಿರಲಿಲ್ಲ. ಹಾಗಾಗಿ ನಾನು ರಾತ್ರಿ ಊಟದ ಹೊತ್ತಿಗೆ ಸಂದೇಶ ಕಳುಹಿಸುತ್ತಿದ್ದೆ, ಅವರು ಬೇಸರಿಸಿಕೊಳ್ಳುತ್ತಿದ್ದರು. ಈಗಿನವರು ಪ್ರತಿದಿನ ಕೆಲಸ ಮುಗಿಸುವಾಗ ಮೂರು ಸಾಲಿನ ಮೇಲ್ ಕಳುಹಿಸುತ್ತಾರೆ: ಇಂದು ಮುಗಿದದ್ದು, ನನ್ನ ಉತ್ತರಕ್ಕಾಗಿ ಕಾದಿರುವುದು, ನಾಳೆ ಮೊದಲು ಕೈಗೆತ್ತಿಕೊಳ್ಳುವುದು. ನಿನ್ನೆಯ ಮೇಲ್‌ನಲ್ಲಿ ಎರಡನೆಯ ಸಾಲು ಹೀಗಿತ್ತು: ‘ಏಳನೇ ತಾರೀಖಿನ ಬಿಲ್ಲಿನಲ್ಲಿ ವಿಮೆಯ ಸಂಖ್ಯೆಯ ಕೊನೆಯ ಎರಡು ಅಂಕಿ ಓದಲಾಗುತ್ತಿಲ್ಲ, ಇನ್ನೊಮ್ಮೆ ಫೋಟೊ ಕಳುಹಿಸಿ.’ ಅದನ್ನು ಓದಿ ಫೋಟೊ ಕಳುಹಿಸಿದರೆ ನನ್ನ ಕಡೆಯ ಕೆಲಸ ಮುಗಿಯಿತು. ಆ ಮೇಲ್ ಬರತೊಡಗಿದ ಮೇಲೆ ನಾನು ಅವರಿಗೆ ಹೊತ್ತಲ್ಲದ ಹೊತ್ತಿನಲ್ಲಿ ಸಂದೇಶ ಕಳುಹಿಸುವ ಪ್ರಸಂಗವೇ ಬಂದಿಲ್ಲ.

ಎರಡನೆಯದು, ಆಸ್ಟ್ರೇಲಿಯಾದಲ್ಲಿ ಕೆಲಸದ ಸಮಯದ ಹೊರಗೆ ಬರುವ ಕರೆ, ಸಂದೇಶಗಳಿಗೆ ಉತ್ತರಿಸದಿರುವ ಹಕ್ಕು 2024ರ ಆಗಸ್ಟ್ 26ರಿಂದ ಕಾನೂನಾಗಿದೆ, ಸಣ್ಣ ವ್ಯಾಪಾರಗಳಿಗೂ ಮರುವರ್ಷದ ಅದೇ ದಿನಾಂಕದಿಂದ ಅನ್ವಯಿಸಿದೆ. ಆದರೆ ಅದು ಇಲ್ಲಿಯ ನೌಕರರಿಗೆ. ಭಾರತದಲ್ಲಿ ಕುಳಿತು ಗುತ್ತಿಗೆಯ ಮೇಲೆ ಸೇವೆ ಕೊಡುವವರಿಗೆ ಅದರ ರಕ್ಷಣೆ ಇಲ್ಲ. ನಿಮ್ಮ ಒಪ್ಪಂದದಲ್ಲಿ ಬರೆದದ್ದೇ ನಿಮ್ಮ ಕಾನೂನು. ಕೆಲಸದ ಸಮಯ ಇಂತಿಷ್ಟು ಎಂದು ಮೊದಲೇ ಬರೆದುಕೊಟ್ಟವರ ಬಗ್ಗೆ, ನನ್ನನ್ನೇ ಕೇಳಿದರೆ, ಗೌರವ ಹೆಚ್ಚುತ್ತದೆ.

ಶಿರಸಿ_ಸೀಮೆ:
ಎಲ್ಲರಿಗೂ ಧನ್ಯವಾದಗಳು. ಪರ್ತ್‌ನ ಅಣ್ಣನವರ ಮಾತು ಓದಿ ಧೈರ್ಯ ಬಂತು. ಇನ್ನೊಂದು ಗೊಂದಲ ದರದ್ದು. ಗಂಟೆಗೆ ಇಷ್ಟು ಎನ್ನಬೇಕೆ, ತಿಂಗಳಿಗೆ ಇಷ್ಟು ಎನ್ನಬೇಕೆ? ಕೆಲವು ವೇದಿಕೆಗಳಲ್ಲಿ ಗಂಟೆಗೆ ಮೂರು ಡಾಲರಿಗೂ ಒಪ್ಪುವವರಿದ್ದಾರೆ. ಅವರೆದುರು ನಾನು ಏನು ಕೇಳಲಿ?

ದೂರದ_ಸಹಾಯಕಿ (ಮೈಸೂರು):
ಮೂರು ಡಾಲರಿನವರ ಜೊತೆ ಪೈಪೋಟಿಗೆ ಇಳಿದರೆ, ಅದೇ ಆದಾಯಕ್ಕೆ ಎರಡು ಪಟ್ಟು ಗಂಟೆ ಬೇಕು. ಆ ಗಂಟೆಗಳು ಬರುವುದು ನಿಮ್ಮ ಸಂಜೆಯಿಂದ ಮತ್ತು ಭಾನುವಾರದಿಂದ. ಆದುದರಿಂದ ದರವನ್ನು ಮಾರುಕಟ್ಟೆಯಿಂದ ಹಿಡಿದು ಕೆಳಗೆ ಬರಬೇಡಿ, ನಿಮ್ಮ ಗಂಟೆಗಳಿಂದ ಹಿಡಿದು ಮೇಲೆ ಹೋಗಿ.

ಒಂದು ಉದಾಹರಣೆಯ ಲೆಕ್ಕ ಕೊಡುತ್ತೇನೆ. ನೀವು ದಿನಕ್ಕೆ ಆರೂವರೆ ಗಂಟೆ ಕುಳಿತರೂ ಅದರಲ್ಲಿ ಬಿಲ್ಲು ಮಾಡಬಹುದಾದದ್ದು ಹೆಚ್ಚೆಂದರೆ ಐದು ಗಂಟೆ. ಉಳಿದದ್ದು ಹೊಸ ಗ್ರಾಹಕರ ಹುಡುಕಾಟ, ನಿಮ್ಮದೇ ಬಿಲ್ಲು, ಲೆಕ್ಕ, ಕರೆಂಟು ಹೋದ ಹೊತ್ತು, ಅತ್ತೆಯವರ ಊಟದ ಹೊತ್ತು. ತಿಂಗಳಿಗೆ ಇಪ್ಪತ್ತು ದಿನ ಎಂದರೆ 100 ಗಂಟೆ. ಮನೆಗೆ 40,000 ರೂಪಾಯಿ ಬರಬೇಕೆಂದಿದ್ದರೆ, ಇಂಟರ್‌ನೆಟ್, ತಂತ್ರಾಂಶಗಳ ಚಂದಾ, ಲ್ಯಾಪ್‌ಟಾಪಿನ ಸವಕಳಿ, ಹಣ ವರ್ಗಾವಣೆಯ ಕಡಿತ, ಕೆಲಸವಿಲ್ಲದ ವಾರಗಳಿಗೆಂದು ಇನ್ನೊಂದು 10,000 ಸೇರಿಸಿ. ಅಲ್ಲಿಗೆ ಗಂಟೆಗೆ 500 ರೂಪಾಯಿ ನಿಮ್ಮ ತಳಮಟ್ಟದ ದರ. ಕೆಲಸ ಹುಡುಕಿಕೊಡುವ ಫೈವರ್ ಜಾಲತಾಣದ ಮೂಲಕ ಬಂದ ಕೆಲಸವಾದರೆ ಅವರು 20% ಮುರಿದುಕೊಳ್ಳುತ್ತಾರೆ. ಕೈಗೆ 500 ಬರಬೇಕಾದರೆ 625 ಹೇಳಬೇಕು. ಅಂಥದೇ ಇನ್ನೊಂದು ವೇದಿಕೆಯಾದ ಅಪ್‌ವರ್ಕ್‌ನಲ್ಲಿ ಕಡಿತದ ಜೊತೆಗೆ ಅರ್ಜಿ ಹಾಕಲು ‘ಕನೆಕ್ಟ್ಸ್’ ಎಂಬ ಟೋಕನ್ನುಗಳನ್ನು ಕೊಳ್ಳಬೇಕಾಗುತ್ತದೆ, ಅದನ್ನೂ ಖರ್ಚಿಗೆ ಬರೆದುಕೊಳ್ಳಿ.

ಈ ದರವನ್ನು ಗಂಟೆಗೆ ಹೇಳುವುದಕ್ಕಿಂತ ತಿಂಗಳ ಕಟ್ಟಾಗಿ ಹೇಳುವುದು ಒಳ್ಳೆಯದು: ತಿಂಗಳಿಗೆ 20 ಗಂಟೆ, ಇಷ್ಟು ಹಣ, ತಿಂಗಳ ಮೊದಲೇ ಪಾವತಿ. ಗಂಟೆ ಲೆಕ್ಕದಲ್ಲಿ ನೀವು ಚುರುಕಾದಷ್ಟೂ ಆದಾಯ ಇಳಿಯುತ್ತದೆ, ಗ್ರಾಹಕರಿಗೂ ಪ್ರತಿ ಮೇಲ್ ಕಳುಹಿಸುವಾಗ ಮೀಟರು ಓಡುತ್ತಿರುವ ಭಯ. ಕಟ್ಟು ಮಾಡಿದರೆ ಇಬ್ಬರಿಗೂ ತಿಂಗಳ ಅಂದಾಜು ಸಿಗುತ್ತದೆ. ಬಳಸದ ಗಂಟೆ ಮುಂದಿನ ತಿಂಗಳಿಗೆ ಹೋಗುತ್ತದೆಯೋ ಇಲ್ಲವೋ ಎನ್ನುವುದನ್ನು ಬರೆದೇ ಇಡಿ, ಇಲ್ಲವಾದರೆ ಮಾರ್ಚಿನಲ್ಲಿ ಒಬ್ಬರು ನಿಮ್ಮ ಮುಂದೆ ನಲವತ್ತು ಗಂಟೆಯ ಬಾಕಿ ತಂದಿಡುತ್ತಾರೆ.

ಮತ್ತು ‘ಎರಡು ನಿಮಿಷದ ಕೆಲಸ’. ರಾತ್ರಿ ಹತ್ತೂ ನಲವತ್ತಕ್ಕೆ ವಾಟ್ಸಾಪಿನಲ್ಲಿ ಬರುವುದು ಸದಾ ಎರಡು ನಿಮಿಷದ ಕೆಲಸವೇ. ಲ್ಯಾಪ್‌ಟಾಪ್ ತೆರೆದು, ಕಡತ ಹುಡುಕಿ, ಬದಲಾಯಿಸಿ ಕಳುಹಿಸಿ ಮುಗಿಸುವಷ್ಟರಲ್ಲಿ ಹನ್ನೊಂದೂಕಾಲು, ಅನಂತರ ನಿದ್ದೆ ಬರುವುದಿಲ್ಲ. ಒಮ್ಮೆ ಮಾಡಿಕೊಟ್ಟರೆ ಅದು ನಿಮ್ಮ ಸೇವೆಯ ಭಾಗವೇ ಆಗಿಬಿಡುತ್ತದೆ. ನಾನು ಗ್ರಾಹಕರಿಗೆ ಬೇರೆ ಸಿಮ್ ಇಟ್ಟು ವಾಟ್ಸಾಪ್ ಬಿಸಿನೆಸ್ ಹಾಕಿದ್ದೇನೆ. ಕೆಲಸದ ಹೊತ್ತಿನ ಹೊರಗೆ ಸಂದೇಶ ಬಂದರೆ ಅದು ತಾನಾಗಿಯೇ ‘ನಾಳೆ ಒಂಬತ್ತರ ಅನಂತರ ಉತ್ತರಿಸುತ್ತೇನೆ’ ಎನ್ನುತ್ತದೆ. ಒಪ್ಪಂದದಲ್ಲಿ ಒಂದು ಕೆಲಸದ ದಿನದೊಳಗೆ ಉತ್ತರ ಎಂದು ಬರೆದಿದ್ದೇನೆ, ತುರ್ತು ಎಂದರೆ ಏನು ಎನ್ನುವುದನ್ನೂ ವಿವರಿಸಿ ಅದಕ್ಕೆ ಒಂದೂವರೆ ಪಟ್ಟು ದರ ಹಾಕಿದ್ದೇನೆ. ದರ ಹಾಕಿದಂದಿನಿಂದ ತುರ್ತುಗಳು ತಾವಾಗಿ ಕಡಿಮೆಯಾದವು.

ಒಟಿಪಿ_ಕಾವಲು:
ಇದಕ್ಕೆ ಒಂದು ಸೇರ್ಪಡೆ. ಗ್ರಾಹಕರ ಖಾತೆಗಳ ಒಟಿಪಿ ನಿಮ್ಮ ಫೋನಿಗೆ ಬರುವಂತೆ ಎಂದಿಗೂ ಮಾಡಿಕೊಳ್ಳಬೇಡಿ. ಅವರು ರಾತ್ರಿ ಲಾಗಿನ್ ಆಗಬೇಕೆಂದಾಗಲೆಲ್ಲ ನಿಮ್ಮನ್ನು ಎಬ್ಬಿಸಲೇಬೇಕಾಗುತ್ತದೆ. ಯಾವ ಒಪ್ಪಂದವೂ ಅದನ್ನು ತಡೆಯದು. ಪಾಸ್‌ವರ್ಡುಗಳನ್ನು ವಾಟ್ಸಾಪಿನಲ್ಲಿ ಪಡೆಯಬೇಡಿ. ಬಿಟ್‌ವಾರ್ಡನ್, 1ಪಾಸ್‌ವರ್ಡ್ ಮುಂತಾದ ತಂತ್ರಾಂಶದ ಮೂಲಕ ಹಂಚಿಕೊಳ್ಳಲು ಹೇಳಿ, ಪ್ರತಿ ಗ್ರಾಹಕರಿಗೂ ಕ್ರೋಮ್‌ನಲ್ಲಿ ಪ್ರತ್ಯೇಕ ಪ್ರೊಫೈಲ್ ಇರಲಿ. ಕೆಲಸ ಮುಗಿದ ಮೇಲೆ ಆ ಪ್ರೊಫೈಲ್ ಮುಚ್ಚಿದರೆ ಅವರ ಸೂಚನೆಗಳೂ ಮುಚ್ಚುತ್ತವೆ.

ಹೊಸಬರನ್ನು ಗುರಿಯಾಗಿಸಿದ ಮೋಸಗಳೂ ಇವೆ. ನೋಂದಣಿ ಶುಲ್ಕ ಕಟ್ಟಿದರೆ ಡೇಟಾ ಎಂಟ್ರಿ ಕೆಲಸ ಕೊಡುತ್ತೇವೆ ಎನ್ನುವವರು, ಟೆಲಿಗ್ರಾಂನಲ್ಲಿ ‘ಟಾಸ್ಕ್’ ಕೊಟ್ಟು ಮೊದಲು ಚಿಲ್ಲರೆ ಹಣ ಹಾಕಿ ಆಮೇಲೆ ದೊಡ್ಡ ಮೊತ್ತ ಕೇಳುವವರು ಒಂದು ಕಡೆ. ಅದಕ್ಕಿಂತ ಅಪಾಯದವರು, ‘ನಮ್ಮ ಗ್ರಾಹಕರ ಹಣವನ್ನು ನಿಮ್ಮ ಖಾತೆಗೆ ತೆಗೆದುಕೊಂಡು ಮುಂದಕ್ಕೆ ವರ್ಗಾಯಿಸಿ, ಇದೂ ಸಹಾಯಕರ ಕೆಲಸವೇ’ ಎನ್ನುವವರು. ಅದು ವಂಚನೆಯ ಹಣ ಸಾಗಿಸುವ ದಾರಿ. ಖಾತೆ ಸ್ಥಗಿತವಾಗುವುದೂ ಪೊಲೀಸರು ಹುಡುಕಿಕೊಂಡು ಬರುವುದೂ ನಿಮ್ಮ ಹೆಸರಿಗೆ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಹುಬ್ಬಳ್ಳಿ_ಲೆಕ್ಕಿಗ:
ತೆರಿಗೆಯ ಬಗ್ಗೆ ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ವರ್ಷದ ಕೊನೆಗೆ ಕಾಗದ ಹುಡುಕುತ್ತಾ ರಾತ್ರಿ ಕೂರುವುದೂ ನಿದ್ದೆಗೆಡುವ ದಾರಿಯೇ.

ಮೊದಲು ಈ ಉದ್ಯೋಗಕ್ಕೆಂದೇ ಒಂದು ಪ್ರತ್ಯೇಕ ಬ್ಯಾಂಕ್ ಖಾತೆ ತೆರೆಯಿರಿ. ಸೇವೆ ಒದಗಿಸುವವರ ವಾರ್ಷಿಕ ಒಟ್ಟು ವಹಿವಾಟು 20 ಲಕ್ಷ ರೂಪಾಯಿ ದಾಟುವವರೆಗೆ ಕರ್ನಾಟಕದಲ್ಲಿ ಜಿಎಸ್‌ಟಿ ನೋಂದಣಿ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಹೊರದೇಶದ ಗ್ರಾಹಕರು ಇದ್ದರೆ ಮೊದಲ ರೂಪಾಯಿಯಿಂದಲೇ ಬೇಕು ಎಂದು ಹಲವರು ಹೆದರಿಸುತ್ತಾರೆ. 2017ರ ಅಕ್ಟೋಬರಿನ ಅಧಿಸೂಚನೆಯೊಂದು ಅಂತರರಾಜ್ಯ ಸೇವೆ ಕೊಡುವ ಸಣ್ಣವರಿಗೂ ಅದೇ ಮಿತಿಯವರೆಗೆ ವಿನಾಯಿತಿ ಕೊಟ್ಟಿದೆ, ಸೇವೆಯ ರಫ್ತು ಅದರೊಳಗೇ ಬರುತ್ತದೆ. ಮಿತಿ ದಾಟಿ ನೋಂದಾಯಿಸಿಕೊಂಡ ಮೇಲೆ ರಫ್ತಿಗೆ ಶೂನ್ಯ ದರ. ಪ್ರತಿ ಹಣಕಾಸು ವರ್ಷಕ್ಕೂ ಎಲ್‌ಯುಟಿ ಎಂಬ ಮುಚ್ಚಳಿಕೆಯನ್ನು ಆರ್‌ಎಫ್‌ಡಿ-11 ನಮೂನೆಯಲ್ಲಿ ಸಲ್ಲಿಸಿದರೆ ತೆರಿಗೆ ಕಟ್ಟದೆ ಬಿಲ್ಲು ಮಾಡಬಹುದು. ಹೊರದೇಶದ ವೇದಿಕೆಗಳಿಗೆ ನೀವು ಕೊಡುವ ಶುಲ್ಕದಲ್ಲಿ ರಿವರ್ಸ್ ಚಾರ್ಜ್ (ಸೇವೆ ಪಡೆದವರೇ ಜಿಎಸ್‌ಟಿ ಕಟ್ಟುವುದು) ಪ್ರಶ್ನೆ ಏಳಬಹುದು, ಅದನ್ನು ಮಾತ್ರ ನಿಮ್ಮ ಊರಿನ ಲೆಕ್ಕಪರಿಶೋಧಕರಿಗೆ ತೋರಿಸಿ. ಹಣ ಪೇಪಾಲ್, ವೈಸ್, ಪೇಯೋನಿಯರ್ ಯಾವುದರಿಂದ ಬಂದರೂ ಹೊರದೇಶದಿಂದ ಬಂದದ್ದಕ್ಕೆ ಕೊಡುವ ಸ್ವೀಕೃತಿ ಪತ್ರವನ್ನು ಆಯಾ ತಿಂಗಳೇ ಇಳಿಸಿಕೊಂಡು ಇಡಿ. ಪೇಪಾಲ್ 2021ರ ಏಪ್ರಿಲ್‌ನಿಂದ ದೇಶದೊಳಗಿನ ಪಾವತಿ ನಿಲ್ಲಿಸಿರುವುದರಿಂದ ಬೆಂಗಳೂರಿನ ಗ್ರಾಹಕರಿಗೆ ಅದು ಆಗದು.

ಆದಾಯ ತೆರಿಗೆಯಲ್ಲಿ 2025-26ರಿಂದ ಹೊಸ ಪದ್ಧತಿಯ ಪ್ರಕಾರ 12 ಲಕ್ಷದವರೆಗಿನ ಸಾಮಾನ್ಯ ಆದಾಯಕ್ಕೆ ರಿಬೇಟಿನ ಕಾರಣ ತೆರಿಗೆ ಬೀಳುವುದಿಲ್ಲ. ಆದರೆ ಆದಾಯ 4 ಲಕ್ಷ ದಾಟಿದರೆ ರಿಟರ್ನ್ ಸಲ್ಲಿಸಲೇಬೇಕು.

ಇನ್ನು, ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಮಾಡಿಸಿಕೊಳ್ಳಿ. ಆಧಾರ್ ಮತ್ತು ಪ್ಯಾನ್ ಇದ್ದರೆ ಸಾಕು, ಶುಲ್ಕವಿಲ್ಲ. ಹಣ ಕೇಳುವ ಜಾಲತಾಣಗಳು ನಕಲಿ ಅಥವಾ ದಲ್ಲಾಳಿಗಳವು. ಅದರ ಉಪಯೋಗ ದೇಶದೊಳಗಿನ ಗ್ರಾಹಕರು ಹಣ ಎಳೆದಾಡುವಾಗ ಗೊತ್ತಾಗುತ್ತದೆ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ (ಎಂಎಸ್‌ಎಂಇ) ಕಾಯ್ದೆಯ ಪ್ರಕಾರ ಒಪ್ಪಂದದಲ್ಲಿ ಏನೇ ಬರೆದಿದ್ದರೂ ಪಾವತಿಯ ಗಡುವು 45 ದಿನ ಮೀರುವಂತಿಲ್ಲ, ಮೀರಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ನಿಮ್ಮ ಬಿಲ್ಲಿನ ತಲೆಯಲ್ಲಿ ಉದ್ಯಮ್ ಸಂಖ್ಯೆ ಅಚ್ಚಾಗಿದ್ದರೆ ಕಂಪನಿಗಳ ಲೆಕ್ಕ ವಿಭಾಗದವರು ಅದನ್ನು ನೋಡಿಯೇ ನೋಡುತ್ತಾರೆ, ಏಕೆಂದರೆ ಗಡುವು ಮೀರಿ ವರ್ಷದ ಕೊನೆಗೂ ಬಾಕಿ ಉಳಿದ ಮೊತ್ತವನ್ನು ಅವರು ಆ ವರ್ಷದ ಖರ್ಚಿನಲ್ಲಿ ತೋರಿಸಿಕೊಳ್ಳಲು ಬರುವುದಿಲ್ಲ.

ಆಗುಂಬೆ_ಮಳೆ:
ಶಿರಸಿಯವರಿಗೆ ಗೊತ್ತೇ ಇರುತ್ತದೆ, ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮ ಕಡೆ ಲೈನಿನ ಮೇಲೆ ಮರ ಬಿದ್ದರೆ ಕರೆಂಟು ಯಾವಾಗ ಬಂದೀತೆಂದು ಹೇಳಲಾಗದು. ರೂಟರಿಗೆ ಮಾತ್ರ ಸಾಕಾಗುವ 12 ವೋಲ್ಟಿನ ಸಣ್ಣ ಯುಪಿಎಸ್ ಸಿಗುತ್ತದೆ, ಇನ್ವರ್ಟರ್ ಇದ್ದರೂ ಅದೊಂದು ಇರಲಿ. ಫೈಬರ್ ಒಂದು ಕಂಪನಿಯದಾದರೆ ಮೊಬೈಲ್ ಡೇಟಾ ಇನ್ನೊಂದು ಕಂಪನಿಯದಿರಲಿ. ಮಳೆಗಾಲದಲ್ಲಿ ಕೆಲಸವನ್ನು ಗಡುವಿನ ಹಿಂದಿನ ದಿನವೇ ಮುಗಿಸುವ ಅಭ್ಯಾಸ ಮಾಡಿಕೊಂಡರೆ ಟವರ್ ಸಿಗುವ ಗುಡ್ಡ ಹುಡುಕಿಕೊಂಡು ಮಳೆಯಲ್ಲಿ ಓಡುವ ಕಷ್ಟವಿಲ್ಲ.

ಹೊಸ_ಪದವೀಧರೆ:
ಮಧ್ಯೆ ಒಂದು ಸಂದೇಹ. ಚಾಟ್‌ಜಿಪಿಟಿ ಬಂದ ಮೇಲೆ ಈ ಉದ್ಯೋಗ ಉಳಿಯುತ್ತದೆಯೇ?

ದೂರದ_ಸಹಾಯಕಿ (ಮೈಸೂರು):
ಮೇಲ್ ಕರಡು, ಸಭೆಯ ಟಿಪ್ಪಣಿ, ಅಂತರ್ಜಾಲದಲ್ಲಿ ಹುಡುಕಿ ಪಟ್ಟಿ ಮಾಡುವುದು ಈಗಾಗಲೇ ಅಗ್ಗವಾಗಿವೆ. ಅವುಗಳನ್ನೇ ಮಾರುವವರಿಗೆ ಕಷ್ಟವಿದೆ. ಇದು ಹೊಸ ಉದ್ಯೋಗವೂ ಅಲ್ಲ. ಬೆಂಗಳೂರಿನ ಗೆಟ್‌ಫ್ರೈಡೇ, ಬ್ರಿಕ್‌ವರ್ಕ್ ಕಂಪನಿಗಳು 2000ರ ದಶಕದಲ್ಲೇ ಅಮೆರಿಕದವರಿಗೆ ದೂರದಿಂದ ಸಹಾಯಕರನ್ನು ಒದಗಿಸಿ ಹೆಸರು ಮಾಡಿದ್ದವು. ಆಗಿನ ಕೆಲಸಗಳಲ್ಲಿ ಅರ್ಧದಷ್ಟನ್ನು ಈಗ ಫೋನೇ ಮಾಡುತ್ತದೆ. ಗ್ರಾಹಕರ ಮಗಳ ಶಾಲೆಯ ಕಾರ್ಯಕ್ರಮವಿರುವ ದಿನ ಸಭೆ ಇಡಬಾರದೆಂದು ನೆನಪಿಟ್ಟುಕೊಂಡು, ಎದುರಿನವರಿಗೆ ಬೇಸರವಾಗದಂತೆ ಬೇರೆ ದಿನ ಕೇಳುವ ಕೆಲಸಕ್ಕೆ ಈಗಲೂ ಮನುಷ್ಯರಿಗೇ ಹಣ ಕೊಡುತ್ತಾರೆ.

ಶಿರಸಿ_ಸೀಮೆ:
ಇಷ್ಟು ದಿನದ ಚರ್ಚೆಯ ಆಧಾರದ ಮೇಲೆ ಒಂದು ಪುಟದ ಒಪ್ಪಂದದ ಕರಡು ಮಾಡಿದ್ದೇನೆ. ಭಾರತೀಯ ಕಾಲಮಾನ ಒಂಬತ್ತರಿಂದ ಮೂರೂವರೆ, ಸೋಮವಾರದಿಂದ ಶುಕ್ರವಾರ. ತಿಂಗಳಿಗೆ 20 ಗಂಟೆಯ ಕಟ್ಟು, ಮುಂಗಡ ಪಾವತಿ, ಉಳಿದ ಗಂಟೆ ಮುಂದಿನ ಒಂದು ತಿಂಗಳಿಗೆ ಮಾತ್ರ. ಎರಡೂ ಕಡೆಯಿಂದ ಮೂವತ್ತು ದಿನದ ಮುನ್ಸೂಚನೆ. ನಮ್ಮ ಹಬ್ಬದ ರಜೆಗಳ ಪಟ್ಟಿ ವರ್ಷದ ಮೊದಲೇ. ನನ್ನ ಹಳೆಯ ನಿರ್ದೇಶಕರಿಗೆ ಪರಿಚಯವಿರುವ ಬೆಂಗಳೂರಿನ ವೈದ್ಯರೊಬ್ಬರು ಮೊದಲ ಗ್ರಾಹಕರಾಗಲು ಒಪ್ಪಿದ್ದಾರೆ. ಉಳಿದಿರುವ ಚಿಂತೆ ಒಂದೇ. ಅತ್ತೆಯವರನ್ನು ಆಸ್ಪತ್ರೆಗೆ ಸೇರಿಸಬೇಕಾಗಿ ಬಂದರೆ ನಾಲ್ಕು ದಿನ ಕೆಲಸ ಯಾರು ನೋಡುತ್ತಾರೆ?

ದೂರದ_ಸಹಾಯಕಿ (ಮೈಸೂರು):
ಇನ್ನೊಬ್ಬ ಸಹಾಯಕಿಯೊಂದಿಗೆ ಪರಸ್ಪರ ಒಪ್ಪಂದ ಮಾಡಿಕೊಳ್ಳಿ ತಂಗಿ, ನಾನೂ ಹಾಗೆಯೇ ಮಾಡಿದ್ದೇನೆ. ಪ್ರತಿ ಗ್ರಾಹಕರಿಗೂ ಒಂದು ಗೂಗಲ್ ಡಾಕ್ ಇರಲಿ: ಪ್ರತಿವಾರದ ಕೆಲಸಗಳು, ಯಾವ ಕಡತ ಎಲ್ಲಿದೆ, ಯಾರಿಗೆ ಯಾವ ಧಾಟಿಯಲ್ಲಿ ಬರೆಯಬೇಕು. ಬದಲಿ ವ್ಯಕ್ತಿ ಕೆಲಸ ಮಾಡಬಹುದೆಂಬ ಒಪ್ಪಿಗೆಯನ್ನು ಗ್ರಾಹಕರಿಂದ ಮೊದಲೇ ಬರೆಸಿಕೊಳ್ಳಿ. ವೈದ್ಯರಾದ್ದರಿಂದ ರೋಗಿಗಳ ವಿವರ ಇರುವ ಕಡತಗಳನ್ನು ಬದಲಿಯವರಿಗೆ ತೆರೆಯಬಾರದು, ಅಪಾಯಿಂಟ್‌ಮೆಂಟ್ ಕ್ಯಾಲೆಂಡರ್ ಮಾತ್ರ ಸಾಕು. ಅಂಥದೊಂದು ಜೊತೆಗಾರಿಕೆಗೆ ಮೈಸೂರಿನಿಂದ ನಾನು ಸಿದ್ಧಳಿದ್ದೇನೆ, ಖಾಸಗಿ ಸಂದೇಶ ಕಳುಹಿಸಿ.

ಹುಬ್ಬಳ್ಳಿ_ಲೆಕ್ಕಿಗ:
ಹಾಗೆ ಮಾಡುವುದಾದರೆ ಗ್ರಾಹಕರಿಗೆ ಬಿಲ್ಲು ಶಿರಸಿಯವರ ಹೆಸರಿನಲ್ಲೇ ಹೋಗಲಿ, ಬದಲಿ ಕೆಲಸ ಮಾಡಿದವರು ಶಿರಸಿಯವರಿಗೆ ಪ್ರತ್ಯೇಕ ಬಿಲ್ಲು ಕೊಡಲಿ. ಗಂಟೆಗೆ ಗಂಟೆ ವಜಾ ಮಾಡಿಕೊಂಡು ಬರಹವೇ ಇಲ್ಲದೆ ಬಿಟ್ಟರೆ ಇಬ್ಬರ ಲೆಕ್ಕವೂ ತಾಳೆಯಾಗುವುದಿಲ್ಲ.